ಸಹಿಯಿಲ್ಲದ ದಂಡ, ರಸೀದಿಯಿಲ್ಲದ ಶುಲ್ಕ

ಮೋಸಹೋದವನಿಗೆ ಬುದ್ಧಿ ಹೇಳುವುದು ನಮ್ಮ ಕಾಲದ ಅತ್ಯಂತ ಅಗ್ಗದ ಸಮಾಜಸೇವೆ. ವಾಹನದ ಮೇಲೆ ದಂಡ ಬಿದ್ದಿದೆಯೆಂಬ ಸುಳ್ಳು ಚಲನ್ನಿಗೆ, ಫಾಸ್ಟ್ಯಾಗ್ ಇಂದೇ ಸ್ಥಗಿತವಾಗುತ್ತದೆಂಬ ಸುಳ್ಳು ದೂರವಾಣಿ ಕರೆಗೆ, ಪಾರ್ಕಿಂಗ್ ಕಂಬಕ್ಕೆ ಯಾರೋ ಅಂಟಿಸಿಹೋದ ಕ್ಯೂಆರ್ ಚೀಟಿಗೆ ನಮ್ಮವರು ಹಣ ಕಳೆದುಕೊಂಡ ಸುದ್ದಿ ಬಂದೊಡನೆ ಸರಕಾರ ಒಂದು ಜಾಹೀರಾತು ಹೊರಡಿಸುತ್ತದೆ, ಬ್ಯಾಂಕು ಒಂದು ಸಂದೇಶ ಕಳಿಸುತ್ತದೆ, ನಮ್ಮ ಸಂಘಸಂಸ್ಥೆಗಳು ಭಾನುವಾರ ಬೆಳಗ್ಗೆ ಉಪ್ಪಿಟ್ಟು ಕಾಫಿಯ ಸಹಿತ ಒಂದು ಉಪನ್ಯಾಸ ಏರ್ಪಡಿಸುತ್ತವೆ. ಮೂರರ ಸಾರವೂ ಒಂದೇ: ಎಚ್ಚರಿಕೆಯಿಂದಿರಿ. ಎಚ್ಚರ ತಪ್ಪಿದ್ದರಿಂದಲೇ ನಿಮಗೆ ಹೀಗಾಯಿತು ಎಂಬ ತೀರ್ಪು ಆ ಮಾತಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಕಳ್ಳನ ವಿಚಾರಣೆ ನಡೆಯುವ ಮೊದಲೇ ಕಳೆದುಕೊಂಡವನ ವಿಚಾರಣೆ ಮುಗಿದಿರುತ್ತದೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ವಾಹನ ಉಳ್ಳವನಿಂದ ಹಣ ಕೇಳುವ ನಿಜವಾದ ಅಧಿಕಾರವೇ ತನ್ನ ಹೆಸರನ್ನೂ ಸಹಿಯನ್ನೂ ರಸೀದಿಯನ್ನೂ ಕೈಬಿಟ್ಟಿರುವಾಗ, ಅವು ಯಾವುವೂ ಇಲ್ಲದೆ ಬರುವ ಕಳ್ಳನನ್ನು ಗುರುತಿಸುವ ಹೊಣೆಯನ್ನು ಮಾತ್ರ ಪ್ರಜೆಯ ತಲೆಗೆ ಕಟ್ಟುವುದು ಅನ್ಯಾಯ. ಅಸಲು ನಕಲಿನಂತೆ ಕಾಣತೊಡಗಿದ ಮೇಲೆ ನಕಲು ಅಸಲಿನಂತೆ ಕಂಡದ್ದಕ್ಕೆ ಯಾರನ್ನು ದೂರಬೇಕು? ಹೊರನಾಡಿನಲ್ಲಿರುವ ನಮಗೆ ಈ ಅನ್ಯಾಯ ಇನ್ನೊಂದು ಸುತ್ತು ಬಿಗಿಯಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸುಳ್ಳು ಚಲನ್ನಿನ ಒಳರಚನೆಯನ್ನು ನೋಡೋಣ. ಉಪನ್ಯಾಸಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಇದರಲ್ಲಿ ಎರಡು ಬಗೆ. ಮೊದಲನೆಯದು ಕೊಂಡಿಯ ಬಗೆ. ನಿಮ್ಮ ವಾಹನ ಇಂಥ ದಿನ ನಿಯಮ ಮುರಿದಿದೆ, ಈ ಕೊಂಡಿಯನ್ನು ಒತ್ತಿ ದಂಡ ಕಟ್ಟಿ ಎಂಬ ಒಂದು ಸಂದೇಶ. ಒತ್ತಿದರೆ ತೆರೆದುಕೊಳ್ಳುವ ಪುಟದಲ್ಲಿ ಸಾರಿಗೆ ಇಲಾಖೆಯ ಬಣ್ಣ, ಲಾಂಛನ ಎಲ್ಲವೂ ಯಥಾವತ್ತು. ವ್ಯತ್ಯಾಸವಿರುವುದು ವಿಳಾಸದ ಬಾಲದಲ್ಲಿ ಮಾತ್ರ. ಕೇಂದ್ರದ ನಿಜವಾದ ಇ-ಚಲನ್ ತಾಣದ ವಿಳಾಸ ‘ಪರಿವಾಹನ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ನಕಲಿಯಲ್ಲಿ ನಡುವಿನ ‘ಗವ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಇರುವುದಿಲ್ಲ, ಅಥವಾ ಅವುಗಳ ಮುಂದೆ ಹಿಂದೆ ಇನ್ನೇನೋ ಸೇರಿರುತ್ತದೆ. ಅರವತ್ತೈದರ ವಯಸ್ಸಿನಲ್ಲಿ, ಅಂಗೈಯಗಲದ ಪರದೆಯ ಮೇಲೆ, ಸಾಸಿವೆಯಷ್ಟು ಚಿಕ್ಕದಾಗಿ ಮೂಡುವ ಆ ಮೂರು ಅಕ್ಷರಗಳು ಇವೆಯೋ ಇಲ್ಲವೋ ಎಂಬುದರ ಮೇಲೆ ಒಬ್ಬ ಮನುಷ್ಯನ ಉಳಿತಾಯವೆಲ್ಲ ನಿಂತಿದೆ.

ಕೇಳುವ ಮೊತ್ತವೂ ದೊಡ್ಡದಿರುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ 177ನೆಯ ಕಲಮಿನ ಸಾಮಾನ್ಯ ದಂಡವನ್ನು ಮೊದಲ ಅಪರಾಧಕ್ಕೆ 500 ರೂಪಾಯಿ ಎಂದು ಏರಿಸಿದರು. ಕಳ್ಳನಿಗೆ ಈ ಕಲಮು ಚೆನ್ನಾಗಿ ಗೊತ್ತು. ಅವನು ಐನೂರನ್ನೋ ಸಾವಿರವನ್ನೋ ಕೇಳುತ್ತಾನೆ. ಎಲ್ಲೋ ತಪ್ಪಾಗಿ ನಿಲ್ಲಿಸಿದ್ದಿರಬಹುದು, ಹಳದಿ ದೀಪದಲ್ಲಿ ದಾಟಿದ್ದಿರಬಹುದು ಎಂದು ಯಾವ ಸಭ್ಯ ಮನುಷ್ಯನಾದರೂ ಒಪ್ಪಿಕೊಂಡುಬಿಡುವ ಮೊತ್ತ ಅದು. ಕಾರ್ಡಿನ ವಿವರ ಅವನ ಕೈಸೇರಿದ ಮೇಲೆ ತೆಗೆಯುವ ಮೊತ್ತ ಬೇರೆ.

ಎರಡನೆಯ ಬಗೆ ಇನ್ನೂ ಕ್ರೂರವಾದುದು. ವಾಟ್ಸ್‌ಆ್ಯಪಿನಲ್ಲಿ ಒಂದು ಕಡತ ಬರುತ್ತದೆ. ಅದರ ಹೆಸರು ಆರ್‌ಟಿಓ ಚಲನ್ ಎಂದೋ ವಾಹನ್ ಪರಿವಾಹನ್ ಎಂದೋ ಇದ್ದು, ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರ ಇರುತ್ತದೆ. ಎಪಿಕೆ ಎಂದರೆ ಓದುವ ಕಾಗದವಲ್ಲ, ಫೋನಿನೊಳಗೆ ನೆಲೆಯೂರುವ ಒಂದು ತಂತ್ರಾಂಶ. ಚಲನ್ ನೋಡೋಣವೆಂದು ಬೆರಳಿಟ್ಟವನಿಂದ ಅದು ಸಂದೇಶಗಳನ್ನು ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ, ಬ್ಯಾಂಕು ಕಳಿಸುವ ಓಟಿಪಿಯನ್ನು ನಿಮಗಿಂತ ಮೊದಲು ಬೇರೆಯವನು ಓದುತ್ತಾನೆ. ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ವರ್ಷಗಟ್ಟಲೆ ಮಾಡಿದ ಪ್ರಚಾರ ಇಲ್ಲಿ ನಿರರ್ಥಕ, ಏಕೆಂದರೆ ನೀವು ಯಾರಿಗೂ ಹೇಳಿರುವುದಿಲ್ಲ. ಜೊತೆಗೆ ನಿಮ್ಮ ಪರಿಚಿತರ ಪಟ್ಟಿಯನ್ನು ಹಿಡಿದು, ನಿಮ್ಮದೇ ಹೆಸರಿನಲ್ಲಿ, ಅದೇ ಕಡತ ಅವರೆಲ್ಲರಿಗೂ ಹೋಗುತ್ತದೆ.

ಹೊರನಾಡ ಕನ್ನಡಿಗನಿಗೆ ಪೆಟ್ಟು ಬೀಳುವುದು ಈ ಕೊನೆಯ ಹಂತದಲ್ಲಿ. ನಮ್ಮ ಊರುಗಳಲ್ಲಿ ಪ್ರತಿ ಸಂಘಕ್ಕೂ ಒಂದು ವಾಟ್ಸ್‌ಆ್ಯಪ್ ಬಳಗವಿದೆ. ರಾಜ್ಯೋತ್ಸವದ ಆಮಂತ್ರಣ, ವಧೂವರರ ವಿವರ, ಯಾರದೋ ನಿಧನವಾರ್ತೆ, ಊರಿನಿಂದ ಬಂದ ಹಪ್ಪಳ ಉಪ್ಪಿನಕಾಯಿಯ ಮಾರಾಟ ಎಲ್ಲವೂ ಅಲ್ಲೇ. ಅಲ್ಲಿ ಬಂದದ್ದನ್ನು ನಾವು ಶಂಕಿಸುವುದಿಲ್ಲ. ಶಂಕಿಸಬಾರದೆಂಬ ಕಾರಣಕ್ಕಾಗಿಯೇ ಆ ಬಳಗವನ್ನು ಕಟ್ಟಿಕೊಂಡಿರುವುದು. ನನಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರಿಗೆ ಆ ಕಡತ ಬಂದದ್ದು ಅವರ ಬಳಗದ ಹಿರಿಯ ಸದಸ್ಯರೊಬ್ಬರ ಸಂಖ್ಯೆಯಿಂದ. ಹಿರಿಯರ ಫೋನು ಹಿಂದಿನ ದಿನವೇ ಕಳ್ಳರ ವಶವಾಗಿತ್ತು. “ಕಳಿಸಿದವರು ನಮ್ಮವರಲ್ಲವೇ ಸಾರ್, ನನ್ನ ಚಲನ್ ಅವರಿಗೆ ಹೇಗೋ ಸಿಕ್ಕಿರಬೇಕು, ಪಾಪ ತಿಳಿಸೋಣ ಅಂತ ಕಳಿಸಿದ್ದಾರೆ ಅಂದುಕೊಂಡೆ” ಎಂದರು. ಆಮೇಲೆ ತುಸು ತಡೆದು, “ನಲವತ್ತು ವರ್ಷ ಆಯಿತು ಈ ಊರಿಗೆ ಬಂದು. ಒಂದು ದಿನವೂ ಪೊಲೀಸಿನವರ ಹತ್ತಿರ ಹೋಗಿ ನಿಂತವನಲ್ಲ. ಆ ಹೆಸರು ಉಳಿಯಲಿ ಅಂತ ಅವಸರ ಮಾಡಿದೆ” ಎಂದರು. ಮಗಳ ಮನೆ ಕಟ್ಟಲು ನೆರವಾಗಲೆಂದು ತೆಗೆದಿರಿಸಿದ ಹಣ ಅದು. ಅವರಿಗೆ ‘ಎಚ್ಚರಿಕೆಯಿಂದಿರಬೇಕಿತ್ತು’ ಎನ್ನುವವರು ಸ್ವಲ್ಪ ಯೋಚಿಸಬೇಕು. ಅವರನ್ನು ಕೆಡಿಸಿದ್ದು ದುರಾಸೆಯಲ್ಲ, ಅಜ್ಞಾನವೂ ಅಲ್ಲ. ಕಾನೂನಿಗೆ ಕೂಡಲೇ ತಲೆಬಾಗುವ ಒಳ್ಳೆಯ ಅಭ್ಯಾಸವೇ ಅವರನ್ನು ಕೆಡಿಸಿತು.

ಇನ್ನು ಅಸಲಿಗೆ ಬರೋಣ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಮೂರು ದಶಕ ಕಳೆದವನು. (ಸೇವಾನಿಯಮಗಳ ಪ್ರಕಾರ ನನ್ನಂಥವರು ಪೂರ್ವಾನುಮತಿ ಇಲ್ಲದೆ ಬರೆಯಬಹುದಾದದ್ದು ಶುದ್ಧ ಸಾಹಿತ್ಯ, ಕಲೆ, ವಿಜ್ಞಾನಗಳನ್ನು ಮಾತ್ರ. ಓದುಗರು ಇದನ್ನು ಸಾಹಿತ್ಯವೆಂದೇ ಪರಿಗಣಿಸಬೇಕಾಗಿ ವಿನಂತಿ.) ನಮ್ಮಲ್ಲಿ ಒಂದು ಪೆನ್ಸಿಲ್ ಪೆಟ್ಟಿಗೆಗೆ ಬರೆಯುವ ಪತ್ರದಲ್ಲೂ ಕಡತದ ಸಂಖ್ಯೆ, ದಿನಾಂಕ, ಬರೆದವನ ಹೆಸರು, ಹುದ್ದೆ, ದೂರವಾಣಿ, ಸಹಿ ಇರಬೇಕು. ಇವುಗಳಲ್ಲಿ ಒಂದು ಕಡಿಮೆಯಾದರೂ ಟಪಾಲು ವಿಭಾಗದ ಗುಮಾಸ್ತ ಹಿಂದಕ್ಕೆ ಕಳಿಸುತ್ತಾನೆ. ಇದನ್ನು ಕೆಂಪುಪಟ್ಟಿ ಎಂದು ಹಾಸ್ಯ ಮಾಡಿದವರು ಬಹಳ ಜನ. ಆದರೆ ಈ ಪದ್ಧತಿಯ ಹಿಂದೆ ಒಂದು ನೀತಿಯಿತ್ತು: ಪ್ರಜೆಯ ಮೇಲೆ ಅಧಿಕಾರ ಚಲಾಯಿಸುವವನು ತಾನು ಯಾರೆಂದು ಹೇಳಿ ಚಲಾಯಿಸಬೇಕು. ಅದೇ ಸರಕಾರ ಇಂದು ಪ್ರಜೆಯ ಜೇಬಿಗೆ ಕಳಿಸುವ ದಂಡದ ಸಂದೇಶದಲ್ಲಿ ಒಂದು ಉದ್ದನೆಯ ಸಂಖ್ಯೆ, ಒಂದು ಮೊತ್ತ, ಒಂದು ಕೊಂಡಿ ಇರುತ್ತವೆ. ಅಧಿಕಾರಿಯ ಹೆಸರಿಲ್ಲ. ನಕಲಿ ಸಂದೇಶದಲ್ಲಿ ಇರುವುದೂ ಈ ಮೂರೇ.

ತಾಣಕ್ಕೆ ಹೋಗಿ ಪರಿಶೀಲಿಸಿಕೊಳ್ಳಿ ಎನ್ನುತ್ತಾರೆ. ಯಾವ ತಾಣಕ್ಕೆ? ಕೇಂದ್ರದ ಪರಿವಾಹನ್ ತಾಣ ಒಂದು. ಮಹಾರಾಷ್ಟ್ರ ತನ್ನದೇ ಬೇರೊಂದು ಇ-ಚಲನ್ ತಾಣವನ್ನು ಇಟ್ಟುಕೊಂಡಿದೆ. ದೆಹಲಿಯ ಸಂಚಾರ ಪೊಲೀಸರದ್ದು ಇನ್ನೊಂದು, ಬೆಂಗಳೂರಿನವರದ್ದು ಮತ್ತೊಂದು. ಕಟ್ಟದೆ ಉಳಿದ ಚಲನ್ ವರ್ಚುವಲ್ ನ್ಯಾಯಾಲಯಕ್ಕೆ ಹೋದರೆ ಅದಕ್ಕೆ ಪ್ರತ್ಯೇಕ ವಿಳಾಸ. ಇಷ್ಟೆಲ್ಲ ನಿಜವಾದ ಬಾಗಿಲುಗಳಿರುವ ಮನೆಯಲ್ಲಿ ಕಳ್ಳ ಇನ್ನೊಂದು ಬಾಗಿಲನ್ನು ಚಿತ್ರಿಸಿಟ್ಟರೆ ಲೆಕ್ಕಹಾಕುವವರು ಯಾರು?

ಅವಸರವನ್ನು ಕಲಿಸಿದವರು ಯಾರು ಎಂಬುದನ್ನೂ ನೋಡಬೇಕು. ‘ಇಂದು ಸಂಜೆಯೊಳಗೆ’ ಎಂಬುದು ವಂಚಕನ ಭಾಷೆ ಎಂದು ಪೊಲೀಸರು ಎಚ್ಚರಿಸುತ್ತಾರೆ. ನಿಜ. ಆದರೆ 2024ರ ಜನವರಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೇ ಆ ಭಾಷೆಯನ್ನಾಡಿತು. ಕೆವೈಸಿ ಅಪೂರ್ಣವಾಗಿರುವ ಫಾಸ್ಟ್ಯಾಗುಗಳನ್ನು ಜನವರಿ 31ರ ನಂತರ ಬ್ಯಾಂಕುಗಳು ನಿಷ್ಕ್ರಿಯಗೊಳಿಸುತ್ತವೆ ಎಂದು ಸಾರಿ, ಆಮೇಲೆ ಗಡುವನ್ನು ಫೆಬ್ರವರಿ ಕೊನೆಗೂ, ಅನಂತರ ಮಾರ್ಚ್ ಕೊನೆಗೂ ಮುಂದೂಡಿತು. ಆ ಮೂರು ತಿಂಗಳು ದೇಶದ ಪ್ರತಿಯೊಬ್ಬ ಕಾರಿನ ಒಡೆಯನೂ ‘ನಿಮ್ಮ ಕೆವೈಸಿ ಬಾಕಿಯಿದೆ’ ಎಂಬ ಮಾತನ್ನು ನಂಬಲು ಸಿದ್ಧನಾಗಿದ್ದ. ಸುಳ್ಳು ಕರೆ ಮಾಡುವವನಿಗೆ ಹೊಸದಾಗಿ ಯಾವ ಕಥೆಯನ್ನೂ ಹೊಸೆಯುವ ಶ್ರಮ ಬೀಳಲಿಲ್ಲ. ಬಾಕಿ ದಂಡದ ಮೇಲಿನ ರಿಯಾಯಿತಿಯ ಮಾತೂ ಹೀಗೆಯೇ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಶೇಕಡಾ 50ರ ರಿಯಾಯಿತಿ ಕೊಟ್ಟಿತು, 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ಕೊಟ್ಟಿತು. ತೆಲಂಗಾಣ 2023ರ ಡಿಸೆಂಬರಿನಲ್ಲಿ ಅದಕ್ಕಿಂತ ದೊಡ್ಡ ರಿಯಾಯಿತಿಯನ್ನೇ ಸಾರಿತು. ದಂಡವೆಂಬುದು ದೀಪಾವಳಿಯ ಬಟ್ಟೆಯಂತೆ ಗಡುವಿನೊಳಗೆ ಕೊಂಡರೆ ಅಗ್ಗ ಎಂದಾದ ಮೇಲೆ, ‘ಇಂದೇ ಕಟ್ಟಿ’ ಎಂಬ ಸಂದೇಶವನ್ನು ಜನ ನಂಬಿದರು ಎಂದು ಹುಬ್ಬೇರಿಸುವುದು ಆತ್ಮವಂಚನೆ.

ಕಾನೂನಿನಲ್ಲಿ ಇಂಥ ಅವಸರ ಇಲ್ಲ. ಕ್ಯಾಮೆರಾ ಮೂಲಕ ಹಿಡಿದ ಅಪರಾಧಗಳ ಬಗ್ಗೆ 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮ ಹೇಳಿದ್ದು ಹೀಗೆ: ಅಪರಾಧ ನಡೆದ 15 ದಿನಗಳೊಳಗೆ ನೋಟೀಸು ಕಳಿಸಬೇಕು, ಅದರಲ್ಲಿ ವಾಹನದ ಸಂಖ್ಯೆ ಕಾಣುವ ಸ್ಪಷ್ಟ ಛಾಯಾಚಿತ್ರ, ದಿನಾಂಕ, ವೇಳೆ, ಸ್ಥಳ, ಉಲ್ಲಂಘಿಸಿದ ಕಲಮು ಇರಬೇಕು. ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ಆಪಾದಿತನಿಗಿದೆ. ಚಲನ್ ಬಂದ ದಿನವೇ ಯಾರ ಗಾಡಿಯನ್ನೂ ಯಾರೂ ಮನೆಯ ಮುಂದಿನಿಂದ ಎಳೆದೊಯ್ಯುವುದಿಲ್ಲ, ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಎಚ್ಚರಿಕೆಯ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಬೇಕಾದದ್ದು ಪ್ರಜೆಯ ಈ ಹಕ್ಕುಗಳು. ಅವುಗಳಲ್ಲಿ ಕಾಣುವುದು ಟೋಪಿ ಹಾಕಿಕೊಂಡ ಕಳ್ಳನ ಚಿತ್ರ.

ವಾಹನದ ಮಾಹಿತಿ ಕಳ್ಳನಿಗೆ ಎಲ್ಲಿಂದ ಸಿಗುತ್ತದೆ ಎಂದು ಕೇಳುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 2019ರಲ್ಲಿ ರಸ್ತೆ ಸಾರಿಗೆ ಸಚಿವಾಲಯ ವಾಹನ ನೋಂದಣಿಯ ಮತ್ತು ಚಾಲನಾ ಪರವಾನಗಿಯ ಮಾಹಿತಿಯನ್ನು ಸಗಟಾಗಿ ಮಾರುವ ನೀತಿಯನ್ನೇ ಪ್ರಕಟಿಸಿತ್ತು. ವಾಣಿಜ್ಯ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿಯ ದರ. 87 ಖಾಸಗಿ ಕಂಪನಿಗಳಿಗೆ ಮತ್ತು 32 ಸರಕಾರಿ ಸಂಸ್ಥೆಗಳಿಗೆ ಈ ಭಂಡಾರದ ಬಾಗಿಲು ತೆರೆದಿದೆ, ಇದರಿಂದ 65 ಕೋಟಿ ರೂಪಾಯಿ ಬಂದಿದೆ ಎಂದು ಸಚಿವ ನಿತಿನ್ ಗಡ್ಕರಿಯವರು ಆ ವರ್ಷದ ಜುಲೈಯಲ್ಲಿ ರಾಜ್ಯಸಭೆಗೆ ತಿಳಿಸಿದರು. ಖಾಸಗಿತನದ ಆಕ್ಷೇಪಗಳು ಎದ್ದು 2020ರ ಜೂನಿನಲ್ಲಿ ಆ ನೀತಿಯನ್ನು ಹಿಂತೆಗೆದುಕೊಂಡರು. ಇಂದಿನ ವಂಚಕರ ಕೈಯಲ್ಲಿರುವುದು ಅಂದು ಮಾರಿದ ಮಾಹಿತಿಯೇ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೆ ಪ್ರಜೆಯಿಂದ ಕಾನೂನಿನ ಬಲದಿಂದ ಪಡೆದ ಮಾಹಿತಿಯನ್ನು ಮಾರಾಟದ ಸರಕೆಂದು ಒಮ್ಮೆ ಬಗೆದ ವ್ಯವಸ್ಥೆ, ‘ನಿಮ್ಮ ಮಾಹಿತಿಯನ್ನು ಯಾರಿಗೂ ಕೊಡಬೇಡಿ’ ಎಂದು ನಮಗೆ ಪಾಠ ಹೇಳುವಾಗ ಧ್ವನಿಯನ್ನು ತುಸು ತಗ್ಗಿಸಬೇಕು. ಉಳಿದದ್ದನ್ನು ನಾವೇ ಕೊಡುತ್ತೇವೆ: ಇಕ್ಕಟ್ಟಿನ ಗಲ್ಲಿಗಳಲ್ಲಿ ಗಾಡಿ ಅಡ್ಡವಾದರೆ ಕರೆಯಲೆಂದು ಗಾಜಿನ ಹಿಂದೆ ಬರೆದಿಡುವ ಫೋನು ಸಂಖ್ಯೆ. ಗಾಡಿಯ ಸಂಖ್ಯೆ ಕೆಳಗೆ, ಒಡೆಯನ ಸಂಖ್ಯೆ ಮೇಲೆ. ಸೌಜನ್ಯದ ಆ ಚೀಟಿಯೊಂದು ಸಾಕು, ಹೆಸರುಹಿಡಿದು ಕರೆಯುವ ವಂಚಕನಿಗೆ ಅರ್ಧ ಕೆಲಸ ಮುಗಿದಂತೆ.

ಹೊರನಾಡಿನವರ ಮೇಲೆ ಈ ಹಗ್ಗ ಇನ್ನೊಂದು ಸುತ್ತು ಬಿಗಿದಿದೆ ಎಂದೆನಲ್ಲ, ಅದು ಹೀಗೆ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. 2021ರಲ್ಲಿ ಬಂದ ಬಿಎಚ್ ಸರಣಿ ನನ್ನಂಥ ವರ್ಗಾವಣೆಯ ನೌಕರರಿಗೂ ಹಲವು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ಸಿಬ್ಬಂದಿಗೂ ಅನುಕೂಲವಾಯಿತು. ಸಣ್ಣ ಹೋಟೆಲಿನವರು, ಅರ್ಚಕರು, ಸಣ್ಣ ವ್ಯಾಪಾರಿಗಳು ಕೆಎ ಫಲಕವನ್ನೇ ಹೊತ್ತು ತಿರುಗುತ್ತಿದ್ದಾರೆ. ಅವರ ನೋಂದಣಿ ಪತ್ರದಲ್ಲಿರುವ ವಿಳಾಸ ಹಾಸನದ್ದೋ ಹುಬ್ಬಳ್ಳಿಯದೋ, ಫೋನು ಸಂಖ್ಯೆ ಎಂದೋ ಬಿಟ್ಟುಹೋದದ್ದು. ಪರಿಣಾಮವಾಗಿ ನಿಜವಾದ ನೋಟೀಸು ಅವರಿಗೆ ತಲುಪುವುದೇ ಇಲ್ಲ. ಈಗಿನ ಸಂಖ್ಯೆಗೆ ತಪ್ಪದೆ ಬರುವುದು ಸುಳ್ಳು ನೋಟೀಸು. ‘ಹೊರರಾಜ್ಯದ ಗಾಡಿ, ಕಪ್ಪುಪಟ್ಟಿಗೆ ಸೇರುತ್ತದೆ’ ಎಂದು ಹಿಂದಿಯಲ್ಲೋ ಮರಾಠಿಯಲ್ಲೋ ಗದರಿಸಿದರೆ, ಮರುನೋಂದಣಿಯ ಅಳುಕು ಒಳಗೆ ಮೊದಲೇ ಇದ್ದವನು ಮರುಮಾತಾಡುವುದಿಲ್ಲ.

ಪಾರ್ಕಿಂಗಿನ ಜಾಗದಲ್ಲಿ ನಡೆಯುವುದೂ ಇದರ ಹಗಲುರೂಪವೇ. ನಾನಿರುವ ದೆಹಲಿಯಲ್ಲಿ ಮಾರುಕಟ್ಟೆಯ ಬದಿಯಲ್ಲಿ ಗಾಡಿ ನಿಲ್ಲಿಸಿದೊಡನೆ ಒಬ್ಬ ಹುಡುಗ ಓಡಿಬರುತ್ತಾನೆ. ಅವನು ಗುತ್ತಿಗೆದಾರನ ಕೆಲಸದವನೋ ದಾರಿಹೋಕನೋ ತಿಳಿಯಲು ಸಮವಸ್ತ್ರವಿಲ್ಲ, ಗುರುತಿನ ಚೀಟಿಯಿಲ್ಲ. ದರದ ಫಲಕವಿದ್ದರೆ ಅದರ ಮುಂದೆ ಹಣ್ಣಿನ ಗಾಡಿ ನಿಂತಿರುತ್ತದೆ. ಪರ್ಚಿ ಕೇಳಿದರೆ ‘ಆಪ್ ಜಾಯಿಯೇ ಸಾಬ್, ಮೈ ಹೂಂ ನಾ’ ಎನ್ನುತ್ತಾನೆ. ನಾನು ಕಂಡ ಒಂದು ಮಾರುಕಟ್ಟೆಯಲ್ಲಿ ಅವನ ಕೊರಳಲ್ಲಿ ನೇತಾಡುತ್ತಿದ್ದ ಕ್ಯೂಆರ್ ಚೀಟಿಗೆ ಫೋನು ಹಿಡಿದಾಗ ಪರದೆಯ ಮೇಲೆ ಮೂಡಿದ್ದು ಯಾವ ನಗರಸಂಸ್ಥೆಯ ಹೆಸರೂ ಅಲ್ಲ, ಗುತ್ತಿಗೆದಾರನ ಸಂಸ್ಥೆಯದೂ ಅಲ್ಲ, ಒಬ್ಬ ವ್ಯಕ್ತಿಯ ಹೆಸರು. ಯುಪಿಐಯಲ್ಲಿ ಪಿನ್ ಒತ್ತುವ ಮೊದಲು ಹಣ ಪಡೆಯುವವನ ಹೆಸರು ಕಾಣುತ್ತದೆ. ಆ ಒಂದು ಸಾಲನ್ನು ಓದುವ ಅಭ್ಯಾಸ ನಮಗಿರಬೇಕು, ಸರಿ. ಆದರೆ ಅಸಲಿ ಗುತ್ತಿಗೆದಾರನ ಆಳೇ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳುವಲ್ಲಿ ಆ ಹೆಸರನ್ನು ಓದಿ ಏನನ್ನು ಪತ್ತೆ ಹಚ್ಚುವುದು? 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರೋರಾತ್ರಿ ಅಂಗಡಿಗಳ ಕ್ಯೂಆರ್ ಚೀಟಿಗಳ ಮೇಲೆ ವಂಚಕರು ತಮ್ಮ ಚೀಟಿಗಳನ್ನು ಅಂಟಿಸಿಹೋದಾಗ, ಬೆಳಗ್ಗೆ ಅಂಗಡಿಯವರಿಗೆ ತಮ್ಮ ಹಣ ಬರುತ್ತಿಲ್ಲವೆಂದು ಗೊತ್ತಾಯಿತು. ಅಮೆರಿಕದ ಆಸ್ಟಿನ್ ನಗರದಲ್ಲಿ 2022ರ ಆರಂಭದಲ್ಲಿ ಪಾರ್ಕಿಂಗ್ ಮೀಟರುಗಳ ಮೇಲೆಯೇ ಸುಳ್ಳು ಚೀಟಿಗಳು ಕಂಡಾಗ, ಮೀಟರುಗಳಲ್ಲಿ ಕ್ಯೂಆರ್ ಪದ್ಧತಿ ನಮ್ಮಲ್ಲಿಲ್ಲ ಎಂದು ನಗರಾಡಳಿತ ಸ್ಪಷ್ಟವಾಗಿ ಹೇಳಲು ಸಾಧ್ಯವಾಯಿತು. ನಮ್ಮ ಎಷ್ಟು ನಗರಸಂಸ್ಥೆಗಳು ಅಷ್ಟು ಖಂಡಿತವಾಗಿ ‘ಇದು ನಮ್ಮದು, ಇದು ನಮ್ಮದಲ್ಲ’ ಎಂದು ಹೇಳಬಲ್ಲವು?

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಪರ್ಚಿ ಕೇಳಿ ನಿಂತವನಿಗೆ ಮೊದಲ ವಿರೋಧ ಬರುವುದು ಕಾರಿನೊಳಗಿನಿಂದ. ‘ಹೋಗಲಿ ಬಿಡ್ರೀ, ಇಪ್ಪತ್ತು ರೂಪಾಯಿಗೆ ಪರವೂರಿನಲ್ಲಿ ಜಗಳವೇ?’ ‘ಅಪ್ಪಾ, ಎಲ್ಲರೂ ನೋಡುತ್ತಿದ್ದಾರೆ.’ ಈ ಸೌಮ್ಯತೆಯನ್ನು ಕನ್ನಡಿಗರ ಸಂಸ್ಕೃತಿ ಎಂದು ವೇದಿಕೆಗಳಲ್ಲಿ ಹೊಗಳಿಕೊಳ್ಳುತ್ತೇವೆ. ಅದರಲ್ಲಿ ಸಂಸ್ಕೃತಿ ಎಷ್ಟು, ಭಾಷೆ ಬಾರದವನ ಅಂಜಿಕೆ ಎಷ್ಟು, ಬಾಡಿಗೆ ಮನೆಯವನ ಹಿಂಜರಿಕೆ ಎಷ್ಟು ಎಂಬ ಲೆಕ್ಕವನ್ನು ನಾವು ತೆಗೆದಿಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಮೂರು ತಲೆಮಾರು ಕಳೆದವರೂ ಹೀಗೆಯೇ ಕೊಟ್ಟು ಹೊರಡುತ್ತಾರೆ. ಐದುನೂರು ರೂಪಾಯಿಯ ಚಲನ್ನನ್ನು ಪ್ರಶ್ನಿಸದೆ ಕಟ್ಟುವ ಬೆರಳು, ಇಪ್ಪತ್ತು ರೂಪಾಯಿಯ ಪರ್ಚಿ ಕೇಳದ ಬಾಯಿಯಿಂದಲೇ ಪಾಠ ಕಲಿತದ್ದು.

ಇದಕ್ಕೆ ಮಿತ್ರರೊಬ್ಬರು ಒಂದು ಆಕ್ಷೇಪ ಎತ್ತಿದರು. ಕೋಟ್ಯಂತರ ಚಲನ್‌ಗಳಿಗೆ ಸಹಿ ಹಾಕುವುದು ಸಾಧ್ಯವೇ, ನೀವು ಹಳೆಯ ಕಾಲದವರು ಎಂದು. ಸಾಧ್ಯ ಎಂಬುದಕ್ಕೆ ಉದಾಹರಣೆ ಕೇಂದ್ರ ಸರಕಾರದೊಳಗೇ ಇದೆ. ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 2019ರ ಆಗಸ್ಟ್ 14ರ ತನ್ನ 19ನೆಯ ಸುತ್ತೋಲೆಯಲ್ಲಿ, ಆ ವರ್ಷದ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪ್ರತಿಯೊಂದು ನೋಟೀಸಿಗೂ ಆದೇಶಕ್ಕೂ ಗಣಕದಿಂದ ಹುಟ್ಟಿದ ದಾಖಲೆ ಗುರುತಿನ ಸಂಖ್ಯೆ ಇರಬೇಕು, ಸುತ್ತೋಲೆಯಲ್ಲೇ ಹೇಳಿದ ವಿನಾಯಿತಿಗಳ ಹೊರತು ಅದಿಲ್ಲದ ಪತ್ರವನ್ನು ಎಂದೂ ಹೊರಡಿಸಿಯೇ ಇಲ್ಲವೆಂದು ಭಾವಿಸಲಾಗುವುದು ಎಂದು ವಿಧಿಸಿತು. ಆ ಸುತ್ತೋಲೆಯ ಮೇಲೆ ನ್ಯಾಯಾಲಯಗಳಲ್ಲಿ ಬೇಕಾದಷ್ಟು ವ್ಯಾಜ್ಯ ನಡೆದಿದೆ, ಅದು ಬೇರೆ ಮಾತು. ನನಗೆ ಮುಖ್ಯವಾದದ್ದು ಅದರ ಧೋರಣೆ. ಸಂಖ್ಯೆಯಿಲ್ಲದಿದ್ದರೆ ಅಮಾನ್ಯ ಎನ್ನುವಾಗ ಗುರುತು ಸಾಬೀತುಪಡಿಸುವ ಹೊಣೆ ಇಲಾಖೆಯ ಮೇಲೆ ಬೀಳುತ್ತದೆ. ಚಲನ್ನಿಗೂ ಒಂದು ಸಂಖ್ಯೆ ಇದೆ. ಅದನ್ನು ಹುಡುಕಿ, ತಾಣ ಹಿಡಿದು, ತಾಳೆ ನೋಡುವ ಹೊಣೆ ಮಾತ್ರ ನಮ್ಮದು. ಆದಾಯ ತೆರಿಗೆ ಕಟ್ಟುವವನಿಗೆ ಸಿಕ್ಕ ಗೌರವ ಸ್ಕೂಟರಿನವನಿಗೆ ಏಕಿಲ್ಲ?

2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಎಸ್ಸೆಮ್ಮೆಸ್ ಕಳಿಸುವವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರಬೇಕೆಂದು ವಿಧಿಸಿತು. ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರಕಾರಕ್ಕೆ ಜಿ. ಸರಕಾರದ ಸಂದೇಶವನ್ನು ಬೇರ್ಪಡಿಸಿ ತೋರಿಸುವ ಈ ಒಂದಕ್ಷರದ ಬಗ್ಗೆ ನಮ್ಮ ಸಭೆಯೊಂದರಲ್ಲಿ ವಿಚಾರಿಸಿದೆ. ಒಬ್ಬರಿಗೂ ಗೊತ್ತಿರಲಿಲ್ಲ, ಉಪನ್ಯಾಸಕ್ಕೆ ಬಂದ ಅತಿಥಿಗಳಿಗೂ. ಇನ್ನು ಆ ಅಕ್ಷರದ ಪಹರೆ ಎಸ್ಸೆಮ್ಮೆಸ್ಸಿಗೆ ಮಾತ್ರ, ವಾಟ್ಸ್‌ಆ್ಯಪಿನಲ್ಲಿ ಬರುವ ಕಡತಕ್ಕೆ ಅಂಥ ಗುರುತೇನೂ ಇಲ್ಲ.

ಹಣ ಹೋದ ಮೇಲಿನ ಕಥೆಯನ್ನೂ ಹೇಳಬೇಕು. 1930 ಎಂಬ ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ನಡುವೆ ತಡೆಹಿಡಿಯುವ ವ್ಯವಸ್ಥೆಯಿದೆ. ಇಲ್ಲಿ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಆದರೆ ಆ ಕರೆಯನ್ನು ಎತ್ತುವವರು ಆಯಾ ರಾಜ್ಯದ ಪೊಲೀಸರು. ಗಾಬರಿಯಲ್ಲಿ ಮಾತೃಭಾಷೆಯೇ ತಡವರಿಸುವ ಹೊತ್ತಿನಲ್ಲಿ ಖಾತೆಯ ಸಂಖ್ಯೆ, ವಹಿವಾಟಿನ ಸಂಖ್ಯೆಗಳನ್ನು ಹಿಂದಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಒಪ್ಪಿಸಬೇಕು. ನನ್ನ ಅಧ್ಯಾಪಕ ಮಿತ್ರರು ಆ ರಾತ್ರಿ ಕರೆ ಮಾಡಲಿಲ್ಲ. ಬೆಳಗಾಗಲಿ, ಯಾರಾದರೂ ಚೆನ್ನಾಗಿ ಹಿಂದಿ ಬಲ್ಲವರನ್ನು ಕೇಳೋಣ ಎಂದು ಕಾದರು. ಬ್ಯಾಂಕಿಗೆ ಹೋದಾಗ, ತಂತ್ರಾಂಶವನ್ನು ನೀವೇ ಹಾಕಿಕೊಂಡಿದ್ದೀರಿ, ನಿರ್ಲಕ್ಷ್ಯ ನಿಮ್ಮದು ಎಂದರು. ಅಲ್ಲಿ ಅವರಿಗೆ ಯಾರೂ ಹೇಳದ ಒಂದು ಮಾತಿದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಅನಧಿಕೃತ ವಹಿವಾಟಿನಲ್ಲಿ ತಪ್ಪು ಗ್ರಾಹಕನದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನದೇ ಎಂದು ಹೇಳಿತ್ತು. ದೂರು ಕೊಟ್ಟ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದೂ ಹೇಳಿತ್ತು. ನಿರ್ಲಕ್ಷ್ಯ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಸಾಬೀತಾದಂತಲ್ಲ. ನಿರ್ಧಾರವನ್ನು ಬರಹದಲ್ಲಿ, ಸಹಿಯೊಂದಿಗೆ ಕೇಳಿ ಪಡೆಯಬೇಕು. ಅದು ಕೈಯಲ್ಲಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರ ಬಳಿಗೆ ಹೋಗಲು ದಾರಿಯಾಗುತ್ತದೆ.

ಆದ್ದರಿಂದ ನಮ್ಮ ಸಂಘಗಳಿಗೆ ನನ್ನ ಸೂಚನೆ: ಉಪನ್ಯಾಸಗಳನ್ನು ಇಲ್ಲಿಗೆ ಸಾಕುಮಾಡೋಣ. ಅದರ ಬದಲು ಪ್ರತಿ ಸಂಘದಲ್ಲೂ ಸ್ಥಳೀಯ ಭಾಷೆ ಬಲ್ಲ ಇಬ್ಬರು ಮೂವರು ಸದಸ್ಯರು, ರಾತ್ರಿ ಹನ್ನೊಂದಕ್ಕೆ ಕರೆ ಬಂದರೂ ಎತ್ತಿ, 1930ಕ್ಕೆ ಜೊತೆಯಲ್ಲಿ ಮಾತಾಡಿ, ಮರುದಿನ ಠಾಣೆಗೂ ಬ್ಯಾಂಕಿಗೂ ಜೊತೆಗೆ ಹೋಗಲು ಒಪ್ಪಿಕೊಳ್ಳಲಿ. ಅವರ ಸಂಖ್ಯೆಗಳನ್ನು ಸದಸ್ಯರ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡೋಣ. ಬಳಗದಲ್ಲಿ ಎಪಿಕೆ ಎಂದು ಕೊನೆಗೊಳ್ಳುವ ಕಡತ ಯಾರ ಹೆಸರಿನಲ್ಲಿ ಬಂದರೂ, ಅಧ್ಯಕ್ಷರ ಹೆಸರಿನಲ್ಲೇ ಬಂದರೂ, ತೆರೆಯದೆ ಅವರಿಗೆ ಫೋನು ಮಾಡಿ ತಿಳಿಸೋಣ.

ಎರಡನೆಯದಾಗಿ, ರಸ್ತೆ ಸಾರಿಗೆ ಸಚಿವಾಲಯಕ್ಕೊಂದು, ನಾವಿರುವ ನಗರಗಳ ಪೌರಸಂಸ್ಥೆಗಳಿಗೊಂದು ಮನವಿ ಹೋಗಬೇಕು. ದೇಶಕ್ಕೆಲ್ಲ ಚಲನ್ ತಾಳೆನೋಡುವ ವಿಳಾಸ ಒಂದೇ ಇರಲಿ. ವಾಹನದ ಒಡೆಯ ನೋಂದಣಿಯಲ್ಲಿ ಆರಿಸಿಕೊಂಡ ಭಾಷೆಯಲ್ಲಿ ನೋಟೀಸು ಬರಲಿ. ಅಧಿಕಾರಿಯ ಹೆಸರೂ ಹುದ್ದೆಯೂ ಇಲ್ಲದ ಬೇಡಿಕೆ ಅಮಾನ್ಯವೆಂದು ನಿಯಮವೇ ಹೇಳಲಿ. ಪೌರಸಂಸ್ಥೆಯ ಹೆಸರಿನ ಖಾತೆಗಲ್ಲದೆ, ಮುದ್ರಿತ ರಸೀದಿಯಿಲ್ಲದೆ ಪಾರ್ಕಿಂಗ್ ಶುಲ್ಕ ವಸೂಲಿ ಮಾಡಿದರೆ ಗುತ್ತಿಗೆ ರದ್ದಾಗಲಿ.

ಸಚಿವಾಲಯಕ್ಕೆ ಹೋಗುವ ಮನವಿಯನ್ನು ಕನ್ನಡದಲ್ಲಿ ಬರೆಯೋಣ. ಸಂವಿಧಾನದ 350ನೆಯ ಅನುಚ್ಛೇದದಂತೆ, ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ. ಕನ್ನಡದಲ್ಲಿ ಬಂದರೆ ಮೂಲೆಗೆ ಹಾಕುತ್ತಾರೆ ಎಂದು ಹೆದರುವವರಿಗೆ ನನ್ನ ಅನುಭವದ ಒಂದು ಮಾತು. ನನ್ನ ಮೇಜಿಗೆ ಮಲಯಾಳದಲ್ಲೂ ತಮಿಳಿನಲ್ಲೂ ಬರೆದ ಅರ್ಜಿಗಳು ಬಂದಿವೆ. ಅನುವಾದಕ್ಕೆ ಕಳಿಸಿ, ಕಡತ ತೆರೆದು, ಸಂಖ್ಯೆ ಕೊಟ್ಟು, ಕೆಳಗೆ ನನ್ನ ಹೆಸರು ಬರೆದು ಉತ್ತರ ಕೊಟ್ಟಿದ್ದೇನೆ. ಕನ್ನಡದಲ್ಲಿ ಬಂದದ್ದು ಈ ಮೂರು ದಶಕಗಳಲ್ಲಿ ನನಗೆ ಒಂದೂ ನೆನಪಿಲ್ಲ.